ಸತ್ತವನಿಗೆ ಬಂದ ಆಯಾರ

ನಮ್ಮ ಮನೆಯವಳು ಟ್ರಂಕಿನ ತಳಕ್ಕೆ ಕೈ ಹಾಕಿ ಒಂದು ಟಾವೆಲ್ ಎಳೆದು ತೆಗೆದಳು. ಟಾವೆಲ್ಲಿನ ಹಿಂದೆ ಒಂದು ಧೋತರ ಬಂತು, ಧೋತರದ ಹಿಂದೆ ಒಂದು ಗುಲಾಬಿ ರುಮಾಲು. ಮೂರೂ ಹೊಚ್ಚ ಹೊಸವು. ಅಂಗಡಿಯವನು ಹಾಕಿದ ಮಡಿಕೆ ಹಾಗೇ ಇದೆ. ನಡುವೆ ಸಿಕ್ಕಿಕೊಂಡಿದ್ದ ವೀಳ್ಯದೆಲೆ ಮಾತ್ರ ಒಣಗಿ, ಮುಟ್ಟಿದರೆ ಪುಡಿಯಾಗುವಂತಿತ್ತು.

"ಏನ್ರೀ, ಈ ಟಾವೆಲ್ ಯಾರದು?" ಎಂದಳು.

ಮೊನ್ನೆಯಷ್ಟೇ ಮುಂಡರಗಿಯಲ್ಲಿ ನಾಟಕ ಮುಗಿಸಿ ಬಂದಿದ್ದೆ. ನಾಟಕದ ಪುಸ್ತಕವನ್ನು ಟ್ರಂಕಿನಲ್ಲಿ ಇಡು ಅಂತ ಆಕೆಯ ಕೈಗೆ ಕೊಟ್ಟು ಚಹಾ ಕುಡಿಯುತ್ತ ಕುಳಿತಿದ್ದೆ. ಇಷ್ಟು ಸರಳ ಪ್ರಶ್ನೆಗೆ ಉತ್ತರ ಕೊಡಲು ಎಷ್ಟು ಹೊತ್ತು ಬೇಕು? ನಿಮಗಾದರೆ ಒಂದು ಗುಟುಕಿನ ಹೊತ್ತು. ನನಗೆ ಚಹಾ ಆರಿಹೋಯಿತು, ಉತ್ತರ ಬರಲಿಲ್ಲ. ಯಾರದು ಅಂತ ಖರೆ ಹೇಳಬೇಕೆಂದರೆ ನನಗೂ ಗೊತ್ತಿಲ್ಲ.

ಗದಗಿನ ಒಂದು ಓಣಿಯಲ್ಲಿ ನನ್ನದೊಂದು ಸಣ್ಣ ಪ್ರೆಸ್ಸಿದೆ, ಮನೆ ಬೆಟಗೇರಿಯಲ್ಲಿ. ಲಗ್ನಪತ್ರಿಕೆ, ರಸೀದಿ ಪುಸ್ತಕ, ನಾಟಕದ ಹ್ಯಾಂಡ್‌ಬಿಲ್ಲು ಅಚ್ಚು ಹಾಕುತ್ತೇನೆ. ಹ್ಯಾಂಡ್‌ಬಿಲ್ಲಿನಲ್ಲಿ ಬೇರೆಯವರ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿ ಹಾಕಿ, ಒಮ್ಮೆ ನನ್ನ ಹೆಸರೂ ಅಲ್ಲಿ ಕೂಡಲಿ ಅನ್ನಿಸಿದ್ದುಂಟು. ನಮ್ಮ ಬೆಟಗೇರಿಯ ಹವ್ಯಾಸಿ ತಂಡದವರು ಪಾಪ ಒಂದು ಪಾತ್ರ ಕೊಟ್ಟರು. ರಾಜನ ಬಾಗಿಲು ಕಾಯುವ ಸಿಪಾಯಿ. ಮಾತಿಲ್ಲ, ಸುಮ್ಮನೆ ನಿಂತರಾಯಿತು. ಆದರೆ ರಾಜನ ಪಾತ್ರ ಮಾಡಿದವನು ನಮ್ಮ ಓಣಿಯ ಹಿಟ್ಟಿನ ಗಿರಣಿಯವನು. ಅವನು "ಯಾರಲ್ಲಿ?" ಎಂದು ಗರ್ಜಿಸಿದ ಕೂಡಲೇ ನನಗೆ ಗಿರಣಿಯಲ್ಲಿ ಅವನು ಜೋಳದ ಡಬ್ಬಿ ಹಿಡಿದು "ಇದು ಯಾರದ್ರೀ?" ಅನ್ನುವುದು ನೆನಪಾಗಿ ನಗು ತಡೆಯಲಿಲ್ಲ. ಭರ್ಚಿ ಹಿಡಿದುಕೊಂಡೇ ಕುಕ್ಕರಗಾಲಲ್ಲಿ ಕುಳಿತು ನಕ್ಕೆ. ಮರುದಿನ ನನ್ನನ್ನು ಪರದೆಯ ಪಕ್ಕ ಕೂಡಿಸಿ, ಕೈಗೆ ಪುಸ್ತಕ ಕೊಟ್ಟರು. ಅಂದಿನಿಂದ ಮಾತು ಮರೆತವರಿಗೆ ಮಾತು ಎತ್ತಿಕೊಡುವುದು ನನ್ನ ಕೆಲಸ.

ಈ ಕೆಲಸದಿಂದ ಸ್ವಭಾವ ಕೆಡುತ್ತದೆ ನೋಡಿ. ಯಾರು ಏನು ಹೇಳಲಿ, ಅವರ ಮುಂದಿನ ಮಾತು ನನ್ನ ಬಾಯಿಗೆ ಬಂದು ನಿಂತಿರುತ್ತದೆ. ಎಲ್ಲರ ಮಾತೂ ಸರಿ ಅನ್ನಿಸುತ್ತದೆ, ಯಾಕೆಂದರೆ ಎಲ್ಲರ ಮಾತನ್ನೂ ಹೇಳಿಕೊಟ್ಟವನು ನಾನೇ. ನನ್ನದು ಅಂತ ಒಂದು ಮಾತು ಹೇಳು ಅಂದರೆ ಮಾತ್ರ ತಬ್ಬಿಬ್ಬಾಗುತ್ತೇನೆ. "ನಿಮ್ಮನ್ನ ಪಂಚಾಯ್ತಿಗೆ ಕರದ್ರ ಎರಡೂ ಕಡೆಯವ್ರು ಗೆದ್ದು ಮನೀಗೆ ಹೋಗ್ತಾರ್ರಿ" ಎಂದು ನಮ್ಮ ಮನೆಯವಳು ಅನ್ನುತ್ತಾಳೆ. ಅದೂ ಸರಿಯೇ.

ಆಯಾರದ ವಿಷಯ ಹೇಳದೆ ಈ ಟಾವೆಲ್ಲಿನ ವಿಷಯ ತಿಳಿಯುವುದಿಲ್ಲ. ಆಯಾರ ಅಂದರೆ ಮದುವೆಯಲ್ಲಿ ಬೀಗರು ಬೀಗರಿಗೆ ಕೊಡುವ ಬಟ್ಟೆಬರೆ. ನಮ್ಮ ಕಡೆ ನಾಟಕದಲ್ಲಿಯೂ ಆಯಾರ ಉಂಟು. ಪಾತ್ರ ಮಾಡಿದವನ ಮಾವನೋ ಅಳಿಯನೋ ಗೆಳೆಯನೋ ತಟ್ಟೆಯಲ್ಲಿ ಟಾವೆಲ್ ಧೋತರ ಇಟ್ಟುಕೊಂಡು ಸೀದಾ ಸ್ಟೇಜಿಗೆ ಹತ್ತುತ್ತಾನೆ. ನಾಟಕ ನಿಲ್ಲುತ್ತದೆ. ಮೈಕಿನಲ್ಲಿ ಹೆಸರು ಕೂಗುತ್ತಾರೆ, ರುಮಾಲು ಸುತ್ತುತ್ತಾರೆ, ಕುಂಕುಮ ಹಚ್ಚುತ್ತಾರೆ, ಫೋಟೋ ಆಗುತ್ತದೆ. ಆಮೇಲೆ ನಾಟಕ ಬಿಟ್ಟಲ್ಲಿಂದ ಮುಂದೆ ಸಾಗುತ್ತದೆ. ರಾಕ್ಷಸನ ಎದೆಯ ಮೇಲೆ ಕಾಲಿಟ್ಟವನು ಕಾಲು ತೆಗೆದು ದಾರಿ ಬಿಡುತ್ತಾನೆ, ರಾಕ್ಷಸ ಎದ್ದು ಆಯಾರ ತೆಗೆದುಕೊಂಡು ಮತ್ತೆ ಮಲಗುತ್ತಾನೆ, ಇವನು ಮತ್ತೆ ಕಾಲಿಡುತ್ತಾನೆ. ಯಾರಿಗೂ ಬೇಸರವಿಲ್ಲ.

ಸಣ್ಣವನಿದ್ದಾಗ ನಾನು ಗೋಣಿಚೀಲ ಹಾಸಿಕೊಂಡು ಎಲ್ಲರಿಗಿಂತ ಮುಂದೆ ಕುಳಿತು ನಾಟಕ ನೋಡುತ್ತಿದ್ದೆ. ಶೇಂಗಾ ಸಿಪ್ಪೆ, ಬೀಡಿ ಹೊಗೆ, ಅವ್ವನ ಸೆರಗಿನ ವಾಸನೆ, ಎಲ್ಲ ಕೂಡಿ ಒಂದೇ ವಾಸನೆ. ಸತ್ತವರು ಆಯಾರ ಬಂದರೆ ಏಳುತ್ತಾರೆ ಅಂತ ನಾನು ತಿಳಿದುಕೊಂಡಿದ್ದೆ. ಹೀಗಿರುವಾಗ ಕೋಟುಮಚಗಿಯಲ್ಲಿದ್ದ ನಮ್ಮಜ್ಜ ತೀರಿಕೊಂಡ. ಗೋಡೆಗೆ ಒರಗಿಸಿ ಕೂಡಿಸಿದ್ದರು. ಬೀಗರು ಒಬ್ಬೊಬ್ಬರೇ ಬಂದು ಹೊಸ ಬಟ್ಟೆ ತಂದು ಅಜ್ಜನ ಮೈಮೇಲೆ ಹೊದಿಸಿದರು. ನಾನು ಬಾಗಿಲ ಹತ್ತಿರ ನಿಂತು ಕಾದೆ. ಒಂದು ಬಟ್ಟೆಗೆ ಏಳಲಿಲ್ಲ, ಇನ್ನೊಂದಕ್ಕೂ ಏಳಲಿಲ್ಲ. "ಅವ್ವಾ, ಎಷ್ಟು ಆಯಾರ ಬಂದ್ರ ಅಜ್ಜ ಏಳ್ತಾನ?" ಎಂದು ಕೇಳಿದೆ. ಅವ್ವ ನನ್ನ ತಲೆ ಎಳೆದು ಹೊಟ್ಟೆಗೆ ಒತ್ತಿಕೊಂಡು ಅತ್ತಳು. ಸಾವು ಅಂದರೇನು ಅಂತ ನನಗೆ ತಿಳಿದದ್ದು ಹಾಗೆ.

ಇನ್ನು ಚಂದ್ರಕ್ಕ. ನಮ್ಮ ತಂಡದಲ್ಲಿ ಹೆಣ್ಣುಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದು ರೂಢಿ. ಚಂದ್ರಕ್ಕ ಶಿರಹಟ್ಟಿಯವಳು, ವಯಸ್ಸಿನಲ್ಲಿದ್ದಾಗ ನಾಯಕಿ, ಈಗ ತಾಯಿ ಪಾತ್ರ. ನಾವು ಆಡುವ ನಾಟಕದ ಹೆಸರು ಹೇಳುವುದಿಲ್ಲ. ತಾಯಿ, ತಾಳಿ, ಕಣ್ಣೀರು ಈ ಮೂರರಲ್ಲಿ ಎರಡಾದರೂ ಅದರಲ್ಲಿವೆ ಅಂತ ತಿಳಿದುಕೊಳ್ಳಿ. ಕಡೆಯ ಸೀನಿನಲ್ಲಿ ಮಗ ಸಾಯುತ್ತಾನೆ, ತಾಯಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಾಳೆ. ಚಂದ್ರಕ್ಕ ಅಳಲು ಶುರು ಮಾಡಿದಳೆಂದರೆ ಚಹಾದ ಗಾಡಿಯವನು ಸ್ಟೋವ್ ಸಣ್ಣಗೆ ಮಾಡುತ್ತಾನೆ. ನಾನು ಪುಸ್ತಕದಲ್ಲಿ ಆ ಹಾಳೆಯನ್ನು ಕೊನೆಯ ತನಕ ಓದಿದ್ದೇ ಇಲ್ಲ, ಓದುವ ಹೊತ್ತಿಗೆ ಕಣ್ಣು ಮಂಜಾಗಿರುತ್ತದೆ. ಆಕೆಗೆ ಮಾತು ಎತ್ತಿಕೊಡುವ ಪ್ರಸಂಗ ಎಂದೂ ಬಂದಿಲ್ಲ.

ಆದರೆ ಬಾಯಿ. ಆ ಬಾಯಿಯ ಬಗ್ಗೆ ಏನು ಹೇಳಲಿ. ತಾಲೀಮಿಗೆ ತಡವಾಗಿ ಬಂದರೆ ಅಧ್ಯಕ್ಷರನ್ನೂ ಬಿಡುವವಳಲ್ಲ. ಪೇಟಿ ನುಡಿಸುವ ವೀರಪ್ಪ ಮಾಸ್ತರು ಒಂದು ಸ್ವರ ತಪ್ಪಿದರೆ "ಮಾಸ್ತರ್ರ, ಪೇಟಿ ಮಲಗೇತೋ ನೀವು ಮಲಗೀರೋ?" ಅನ್ನುತ್ತಾಳೆ. ಮಗನ ಪಾತ್ರದ ಮಲ್ಲೇಶಿಗೆ, ಅವನು ಬೆಟಗೇರಿಯಲ್ಲಿ ಮೊಬೈಲ್ ಅಂಗಡಿ ಇಟ್ಟವನು, ಎಲ್ಲರೆದುರಿಗೆ ಹೇಳಿದ್ದಳು: "ತಮ್ಮಾ, ನಿನಗ ಬದುಕಿದ್ದಾಗ ಪಾತ್ರ ಬರೂದಿಲ್ಲ. ಸತ್ತಾಗರ ಚೆಂದ ಮಾಡು."

ಇದನ್ನೆಲ್ಲ ನಾವು ಹಿಂದೆ ನಕ್ಕು, ಮುಂದೆ ತಲೆ ತಗ್ಗಿಸಿ ಸಹಿಸಿದೆವು. ಸಹಿಸಲಾಗದ್ದೂ ಒಂದಿದೆ. ಸೊಸೆಯ ಪಾತ್ರಕ್ಕೆ ಮುಂಡರಗಿಯ ಒಬ್ಬ ಹುಡುಗಿ ಬಂದಿದ್ದಳು, ಹೊಸಬಳು, ಇಂಪಾದ ದನಿ. ನೀರು ತಂದು ಅತ್ತೆಗೆ ಕೊಡುವ ಒಂದು ಸಣ್ಣ ಸೀನನ್ನು ಚಂದ್ರಕ್ಕ ಮಾಡಿಸಿದಳು, ಮತ್ತೆ ಮಾಡಿಸಿದಳು, ಆ ಹುಡುಗಿಯ ಕೈಯೊಳಗಿನ ತಂಬಿಗೆ ನಡುಗುವ ತನಕ ಮಾಡಿಸಿದಳು. "ನೀರು ಕೊಡಾಕ ಬರದಾಕಿ ಕಣ್ಣೀರು ಹೆಂಗ ಕೊಡ್ತೀಯವ್ವಾ" ಎಂದಳು. ಹುಡುಗಿ ತಂಬಿಗೆ ಕೆಳಗಿಟ್ಟು, ಚಪ್ಪಲಿ ಮೆಟ್ಟಿ ಹೋದವಳು ಮತ್ತೆ ಬರಲಿಲ್ಲ. ಈಗ ಯಾವ ನಾಟಕದಲ್ಲಿಯೂ ಇಲ್ಲವಂತೆ. ಚಂದ್ರಕ್ಕನ ಕಲೆಯ ಬಗ್ಗೆ ಯಾರಾದರೂ ಹೊಗಳಿದಾಗ ನನಗೆ ಆ ತಂಬಿಗೆ ಕಣ್ಣಮುಂದೆ ಬರುತ್ತದೆ. ತಂಬಿಗೆಯ ಬಗ್ಗೆ ಯಾರಾದರೂ ಬೈದಾಗ ಚಂದ್ರಕ್ಕನ ಅಳು ಕೇಳಿಸುತ್ತದೆ. ನನ್ನ ಪಾಡು ಇಷ್ಟೇ.

ಹೋದ ವರ್ಷ ಲಕ್ಷ್ಮೇಶ್ವರದಲ್ಲಿ ಆಟವಿತ್ತು. ಲಕ್ಷ್ಮೇಶ್ವರ ಮಲ್ಲೇಶಿಯ ಅತ್ತೆಮನೆ. ಮಾವ ಸಂಗಪ್ಪ ಸಾವಕಾರರದು ಕಾಳಿನ ದಲಾಲಿ ಅಂಗಡಿ. ಹಂದರ, ಲೈಟು, ನಮ್ಮೆಲ್ಲರ ಊಟ, ಎಲ್ಲ ಅವರದೇ. ಮಲ್ಲೇಶಿಯ ಮದುವೆಯಾಗಿ ಇನ್ನೂ ಅರಿಸಿನ ಆರಿರಲಿಲ್ಲ. ಹೆಂಡತಿ ಮೊದಲನೇ ಸಾಲಿನಲ್ಲಿ ತಾಯಿಯ ಪಕ್ಕ ಕುಳಿತಿದ್ದಳು.

ಕಡೆಯ ಸೀನು ಬಂತು. ಮಲ್ಲೇಶಿ ಸತ್ತ, ಆ ದಿನ ಚೆಂದವಾಗಿಯೇ ಸತ್ತ. ಚಂದ್ರಕ್ಕ ಅವನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಹಂದರದ ತುಂಬ ಸೆರಗುಗಳು ಕಣ್ಣಿಗೆ ಏರಿದವು. ಸರಿಯಾಗಿ ಆಗಲೇ ಸಾವಕಾರರು ತಟ್ಟೆ ಹಿಡಿದುಕೊಂಡು ಸ್ಟೇಜಿಗೆ ಹತ್ತಿದರು. ಮೈಕಿನವನು ರೂಢಿಯಂತೆ ಹೆಸರು ಕೂಗಿದ. ಪೇಟಿ ನಿಂತಿತು. ಮಲ್ಲೇಶಿ ಕಣ್ಣು ಬಿಟ್ಟು, ಏಳಲು ಮೊಳಕೈ ಊರಿದ.

ಚಂದ್ರಕ್ಕ ಬಲಗೈಯನ್ನು ಅವನ ಎದೆಯ ಮೇಲಿಟ್ಟು ಅದುಮಿದಳು. ಮಲ್ಲೇಶಿ ಮತ್ತೆ ಮಲಗಿದ. ಆಕೆ ತಲೆ ಎತ್ತಿ, ತಾಯಿಯ ದನಿಯಲ್ಲಿಯೇ, ಕಣ್ಣೀರು ಒರೆಸಿಕೊಳ್ಳದೆ ಹೇಳಿದಳು:

"ಯಪ್ಪಾ, ನನ್ನ ಮಗ ಸತ್ತಾನ. ಸತ್ತಾಂವ ಏಳೂದಿಲ್ಲ."

ನಾನು ಪುಸ್ತಕ ನೋಡಿದೆ. ಆ ಮಾತು ಪುಸ್ತಕದಲ್ಲಿ ಇರಲಿಲ್ಲ.

ಸಾವಕಾರರು ತಟ್ಟೆ ಹಿಡಿದು ನಿಂತೇ ಇದ್ದರು. ಆಮೇಲೆ, ನಾನು ಪಕ್ಕದಿಂದ ಕಣ್ಣಾರೆ ಕಂಡದ್ದು, ತಟ್ಟೆಯನ್ನು ಒಂದು ಕೈಗೆ ತೆಗೆದುಕೊಂಡು ಇನ್ನೊಂದು ಕೈಯಿಂದ ತಲೆಯ ಮೇಲಿನ ಟೋಪಿ ತೆಗೆದರು. ಸತ್ತವರ ಮನೆಯಲ್ಲಿ ನಿಂತ ಹಾಗೆ ತಲೆ ಬಾಗಿಸಿ ನಿಂತರು. ಹಂದರದಲ್ಲಿ ಒಬ್ಬ ಹೆಣ್ಣುಮಗಳು ಬಿಕ್ಕಿದ್ದು ಕೇಳಿಸಿತು. ಅಂಥ ನಾಟಕವನ್ನು ನಾನು ಹಿಂದೆ ನೋಡಿಲ್ಲ, ಮುಂದೆಯೂ ನೋಡಲಾರೆ.

ಬಿಕ್ಕಿದ್ದು ಸಾವಕಾರರ ಮಗಳು ಅಂತ ಆಮೇಲೆ ತಿಳಿಯಿತು.

ಪರದೆ ಬಿದ್ದ ಮೇಲೆ ಬೆಂಕಿ ಹತ್ತಿತು. ಯಾರೋ ನಗುತ್ತ "ಸಾವಕಾರ್ರ, ಅಳಿಯನ ಮುಂದ ಟೊಪಿಗಿ ತಗದ್ರಲ್ಲಾ" ಎಂದಿದ್ದರಂತೆ. ಸಾವಕಾರರು ತಟ್ಟೆಯನ್ನು ನನ್ನ ಪಕ್ಕದ ಟ್ರಂಕಿನ ಮೇಲೆ ಕುಕ್ಕಿ, ಯಾರನ್ನೂ ಮಾತಾಡಿಸದೆ ಹೋದರು. ಮಲ್ಲೇಶಿಗೆ ಕೊಡಲು ಹೋದರೆ, "ಸ್ಟೇಜಿನ ಮ್ಯಾಲ ತಗೊಳ್ಳೋ ಆಯಾರ ಪರದೆ ಹಿಂದ ತಗೊಂಡ್ರ ಕಳುವು ಮಾಡಿದಂಗ ಆಕ್ಕತ್ರಿ, ನನಗ ಬ್ಯಾಡ" ಎಂದ. ಸಾವಕಾರರಿಗೆ ಮರಳಿ ಕಳಿಸಿದರೆ, ತಂದ ಆಯಾರ ತಿರುಗಿ ಮನೆಗೆ ಬರಬಾರದು ಅಂತ ಹೊಸ್ತಿಲಿನಿಂದಲೇ ಹಿಂದೆ ಬಂತು. ಹೀಗೆ ನಾಟಕದ ಪುಸ್ತಕದ ಜೊತೆ ಅದೂ ನಮ್ಮ ಮನೆ ಸೇರಿತು.

ಈ ವರ್ಷ ಮುಂಡರಗಿಯವರು ಅದೇ ನಾಟಕ ಬೇಕು ಅಂದಾಗ ತಂಡದ ಸಭೆ ಕೂಡಿತು. ವಿಷಯ ಒಂದೇ: ತಾಯಿ ಪಾತ್ರ ಚಂದ್ರಕ್ಕನಿಗೆ ಕೊಡಬೇಕೋ ಬೇಡವೋ.

"ಕಲಾ ಐತಿ ಅಂತ ಕಾಲ ಮ್ಯಾಲ ಕಾಲ ಹಾಕ್ಕೊಂಡ ಕುಂಡ್ರೂದೇನು? ಪಾತ್ರ ದೊಡ್ಡದಲ್ಲ, ಮನಶ್ಯಾ ದೊಡ್ಡಾಂವ" ಎಂದರು ಅಧ್ಯಕ್ಷರು. ಸರಿ ಅನ್ನಿಸಿತು.

"ಆಕಿನ್ನ ಬಿಟ್ರ ನಾಟಕದಾಗ ಏನ ಉಳೀತೈತ್ರಿ? ಬರೇ ಲೈಟು" ಎಂದ ಬಣ್ಣ ಹಚ್ಚುವವನು. ಅದೂ ಸರಿ ಅನ್ನಿಸಿತು.

ಆಗ ವೀರಪ್ಪ ಮಾಸ್ತರು ಎಲೆಅಡಿಕೆ ಉಗುಳಿ ಬಂದು ನಿಧಾನಕ್ಕೆ ಒಂದು ಮಾತು ಹೇಳಿದರು. "ಸಾವಕಾರ್ರು ಆ ಹೊತ್ತಿನಾಗ ಯಾಕ ಹತ್ತಿದ್ರು, ಗೊತ್ತೈತೇನ್ರಿ? ಮಗಳು ಹೊಸದಾಗಿ ತಾಳಿ ಕಟ್ಟಿಸ್ಕೊಂಡಾಕಿ. ಕಣ್ಣ ಮುಂದ ಗಂಡ ಸತ್ತ ಬಿದ್ದದ್ದು ನೋಡಿ ಆ ಹುಡುಗಿ ತಾಳಿ ಹಿಡ್ಕೊಂಡ ಕುಂತಿತ್ತಂತ. ಸಾವಕಾರ್ತಿಯವ್ರು 'ಜಲ್ದಿ ಹೋಗ್ರಿ, ಆಯಾರ ಮಾಡಿ ಎಬ್ಬಸ್ರಿ ಅವನ್ನ' ಅಂತ ಗಂಡನ್ನ ದಬ್ಬಿದ್ರಂತ. ಎದ್ದು ರುಮಾಲ ಸುತ್ತಿಕೊಂಡ್ರ ಅಪಶಕುನ ಕಳೀತೈತಲ್ಲ."

ನನಗೆ ಇದ್ದಷ್ಟು ಬುದ್ಧಿಯೂ ಕಲಸಿಹೋಯಿತು. ನಾನು ಸಾವಕಾರರನ್ನು ದೊಡ್ಡಸ್ತಿಕೆ ತೋರಿಸಲು ಹತ್ತಿದವರು ಅಂತ ತಿಳಿದಿದ್ದೆ. ಅವರು ಅಳಿಯನನ್ನು ಬದುಕಿಸಲು ಹತ್ತಿದ್ದರು. ಚಂದ್ರಕ್ಕ ನಾಟಕ ಉಳಿಸಲು ಅವನನ್ನು ಸಾಯಿಸಿಯೇ ಇಟ್ಟಳು. ಇಬ್ಬರಲ್ಲಿ ತಪ್ಪು ಯಾರದು? ನೀವು ಹೇಳಿ, ನನಗಂತೂ ತಿಳಿಯಲಿಲ್ಲ.

ಪಾತ್ರ ಹುಬ್ಬಳ್ಳಿ ಕಡೆಯ ಸುಮಾ ಎಂಬುವಳಿಗೆ ಅಂತ ಠರಾವಾಯಿತು. ಶಿರಹಟ್ಟಿಗೆ ಹೋಗಿ ಚಂದ್ರಕ್ಕನಿಗೆ ಹೇಳಿ ಬರಲು ನನ್ನನ್ನು ಆರಿಸಿದರು. "ಎಲ್ಲಾರ ಮಾತೂ ನಿಮ್ಮ ಬಾಯಾಗ ಇರ್ತಾವು, ನೀವ ಹೇಳ್ರಿ" ಅಂತ ಕಾರಣ.

ಬಸ್ಸಿನ ತುಂಬ ಮಾತು ಜೋಡಿಸಿಕೊಂಡು ಹೋದೆ. ಚಂದ್ರಕ್ಕ ಅಂಗಳದಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. "ಬರ್ರಿ ಪ್ರೆಸ್ಸಿನ ಅಣ್ಣಾರ, ಕುಂಡ್ರಿ" ಎಂದಳು. ನೀರು ಕೊಟ್ಟಳು, ರೊಟ್ಟಿ, ಬದನೆಕಾಯಿ ಪಲ್ಯೆ ಬಡಿಸಿದಳು. "ಸಣ್ಣ ತುತ್ತು ಮಾಡಿ ಉಣ್ರಿ, ಪಲ್ಯೆ ಚಲೋ ಆಗೇತಿ, ಅದಕ್ಕ ಮರ್ಯಾದಿ ಕೊಡ್ರಿ" ಎಂದು ಬೈದಳು ಕೂಡ. ಉಂಡೆ. ಕೈ ತೊಳೆದೆ. ಮಳೆ ಬೆಳೆ ಮಾತಾಡಿದೆ. ಸಿಂಗಟಾಲೂರಿನ ಕಾಲುವೆ ನೀರು ಯಾವ ಹೊಲಕ್ಕೆ ಬಂತು, ಯಾವುದಕ್ಕೆ ಬರಲಿಲ್ಲ ಅಂತ, ನನಗೆ ಗೊತ್ತಿಲ್ಲದ್ದನ್ನೂ ಮಾತಾಡಿದೆ. ಜೋಡಿಸಿಕೊಂಡು ಹೋದ ಮಾತು ಮಾತ್ರ ಬಾಯಿಂದ ಹೊರಡಲೊಲ್ಲದು.

ಚಂದ್ರಕ್ಕ ಹುಣಸೆಯ ಬುಟ್ಟಿ ಪಕ್ಕಕ್ಕಿಟ್ಟಳು. ನನ್ನ ಮುಖ ನೋಡಿದಳು. ಆಮೇಲೆ ದನಿ ತಗ್ಗಿಸಿ, ನಾನು ಪರದೆಯ ಪಕ್ಕದಿಂದ ಹೇಳಿಕೊಡುವ ಹಾಗೆಯೇ, ಹೇಳಿಕೊಟ್ಟಳು:

"ಚಂದ್ರಕ್ಕಾರ, ಈ ಸಲ ತಾಯಿ ಪಾತ್ರಕ್ಕ ಬ್ಯಾರೆದವ್ರನ್ನ ಕರಸೇವ್ರಿ... ಹೂಂ, ಹೇಳ್ರಿ."

"ಚಂದ್ರಕ್ಕಾರ, ಈ ಸಲ ತಾಯಿ ಪಾತ್ರಕ್ಕ ಬ್ಯಾರೆದವ್ರನ್ನ ಕರಸೇವ್ರಿ" ಎಂದೆ.

"ಮನಸ್ಸಿಗೆ ಹಚ್ಕೋಬ್ಯಾಡ್ರಿ."

"ಮನಸ್ಸಿಗೆ ಹಚ್ಕೋಬ್ಯಾಡ್ರಿ."

"ಆತು. ಚಲೋ ಹೇಳಿದ್ರಿ" ಎಂದಳು. ನಗುತ್ತಾಳೇನೋ ಅಂತ ನೋಡಿದೆ, ನಗಲಿಲ್ಲ.

ನಾಚಿಕೆ ಮುಚ್ಚಿಕೊಳ್ಳಲು ಸಾವಕಾರರ ಮಗಳ ಸಂಗತಿ ಹೇಳಿದೆ. ಆ ಹುಡುಗಿ ತಾಳಿ ಹಿಡಿದುಕೊಂಡು ಕುಳಿತಿದ್ದು, ತಾಯಿ ದಬ್ಬಿದ್ದು, ಎಲ್ಲ. ಚಂದ್ರಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಇದನ್ನ ನನಗ್ಯಾರೂ ಹೇಳಲಿಲ್ಲ" ಎಂದಳು.

"ಹೇಳಿದ್ರ ಅವನ್ನ ಏಳಾಕ ಬಿಡ್ತಿದ್ರೇನ್ರಿ?"

"ಇಲ್ರಿ" ಎಂದಳು. ಬುಟ್ಟಿಯನ್ನು ಮತ್ತೆ ಹತ್ತಿರ ಎಳೆದುಕೊಂಡು, "ಆದ್ರ ಗೊತ್ತಿರಬೇಕಿತ್ತು" ಎಂದಳು.

ಹೊರಟು ನಿಂತಾಗ ಬಾಗಿಲ ತನಕ ಬಂದಳು. "ಹೊಸದಾಗಿ ಬರಾಕಿಗೆ ಒಂದು ಮಾತು ಹೇಳ್ರಿ. ಮಗನ ತಲಿ ಎಡತೊಡಿ ಮ್ಯಾಲ ಇಟ್ಕೋಬೇಕು. ಬಲಗೈ ಖಾಲಿ ಇರಬೇಕು." ಯಾಕೆ ಅಂತ ನಾನು ಕೇಳಲಿಲ್ಲ.

ಸುಮಾ ಬಹಳ ಒಳ್ಳೆಯ ಹೆಣ್ಣುಮಗಳು. ಎಲ್ಲರಿಗೂ ನಮಸ್ಕಾರ, ಎಲ್ಲರಿಗೂ ಅಣ್ಣಾರ, ಮಾಸ್ತರ್ರ. ಕೊಟ್ಟ ಚಹಾ ಕುಡಿದಳು, ಕೂಡು ಅಂದಲ್ಲಿ ಕುಳಿತಳು. ವೀರಪ್ಪ ಮಾಸ್ತರು ನಿರ್ಭಯವಾಗಿ ಸ್ವರ ತಪ್ಪಿದರು. ಚಂದ್ರಕ್ಕ ಹೇಳಿದ್ದನ್ನು ನಾನು ತಪ್ಪದೆ ಹೇಳಿದೆ. ಆಕೆ ತಪ್ಪದೆ ತಲೆಯಾಡಿಸಿದಳು. ಒಂದೇ ಕೊರತೆ: ಮಾತು ನೆನಪಿಲ್ಲ. ಇಡೀ ನಾಟಕ ನಾನು ಎತ್ತಿಕೊಟ್ಟದ್ದನ್ನೇ ಹೇಳುತ್ತಾಳೆ. ನಾನು ಕೆಮ್ಮಿದರೆ ಕೆಮ್ಮಿಯಾಳು ಅಂತ ಹೆದರಿ ಗಂಟಲು ಬಿಗಿಹಿಡಿದು ಕುಳಿತಿದ್ದೆ.

ಮುಂಡರಗಿಯ ಕಡೆಯ ಸೀನು. ಮಲ್ಲೇಶಿ ಸತ್ತಿದ್ದಾನೆ. ಅಳಿಯನ ನಾಟಕಕ್ಕೆಂದು ಲಕ್ಷ್ಮೇಶ್ವರದಿಂದ ಬಂದ ಸಂಗಪ್ಪ ಸಾವಕಾರರು ಹೊಸ ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾರೆ. ಮಗಳು ಈ ಸಲವೂ ಮೊದಲ ಸಾಲಿನಲ್ಲಿದ್ದಾಳೆ. ಮೈಕಿನವನು ಕೂಗಿದ. ಮಲ್ಲೇಶಿ ಮೊಳಕೈ ಊರಿದ. ಸುಮಾ ಏನು ಮಾಡಲಿ ಅಂತ ನನ್ನ ಕಡೆ ನೋಡಿದಳು.

ದೇವರಾಣೆ, ನಾನು ಬೇಕೆಂದು ಮಾಡಲಿಲ್ಲ. ನಟಿ ನನ್ನ ಕಡೆ ನೋಡಿದರೆ ನನ್ನ ಬಾಯಿ ತಾನೇ ಆಡುತ್ತದೆ. "ಯಪ್ಪಾ, ನನ್ನ ಮಗ ಸತ್ತಾನ. ಸತ್ತಾಂವ ಏಳೂದಿಲ್ಲ" ಎಂದು ಹೇಳಿಕೊಟ್ಟೆ.

ಸುಮಾ ಎರಡೂ ಕೈ ಜೋಡಿಸಿ, ಸಾವಕಾರರಿಗೆ ನಮಸ್ಕಾರ ಮಾಡಿ, ಬಹಳ ಮರ್ಯಾದೆಯಿಂದ ಆ ಮಾತನ್ನು ಅಕ್ಷರ ಬಿಡದೆ ಹೇಳಿದಳು.

ಜನ ಹೋ ಎಂದು ನಕ್ಕರು. ಸಾವಕಾರರೂ ನಕ್ಕರು. ಮಲ್ಲೇಶಿ ನಗುತ್ತಲೇ ಎದ್ದ. ರುಮಾಲು ಸುತ್ತಿಸಿಕೊಂಡ, ಮಾವನ ಕಾಲು ಮುಟ್ಟಿದ, ಫೋಟೋ ಆಯಿತು. ಮೊದಲ ಸಾಲಿನಲ್ಲಿ ಆ ಹುಡುಗಿಯ ಮುಖ ನೋಡಿದೆ. ಹಬ್ಬದ ದಿನದ ಮುಖವಾಗಿತ್ತು. ನೋಡಿ ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಮಲ್ಲೇಶಿ ರುಮಾಲು ತೆಗೆಯಲು ಮನಸ್ಸಿಲ್ಲದೆ ಹಾಗೇ ಮಲಗಿ ಸತ್ತ. ಸುಮಾ ಬಿಟ್ಟಲ್ಲಿಂದ ಅಳಲು ಶುರು ಮಾಡಿದಳು. ಮುಂದೆ ಕುಳಿತ ಮುದುಕಿಯೊಬ್ಬಳು ಪಕ್ಕದವಳನ್ನು ಕೇಳಿದಳು: "ಯವ್ವಾ, ಮಗ ಸತ್ತನೋ ಇಲ್ಲೋ?"

"ಯಾರಿಗ್ಗೊತ್ತಬೇ. ರುಮಾಲ ಸುತ್ಗೊಂಡಾನ."

ಚಹಾದ ಗಾಡಿಯ ಸ್ಟೋವು ಭರ್ ಎಂದು ಉರಿಯುತ್ತಲೇ ಇತ್ತು. ಆ ಹಾಳೆಯನ್ನು ನಾನು ಮೊದಲ ಸಲ ಕೊನೆಯ ತನಕ ಓದಿದೆ. ಅಕ್ಷರ ಸ್ವಚ್ಛ ಕಾಣುತ್ತಿದ್ದವು.

ಇಷ್ಟೆಲ್ಲ ನೆನೆಯುತ್ತ ಆರಿದ ಚಹಾ ಹಿಡಿದು ಕುಳಿತಿದ್ದಾಗ ಫೋನು ಬಂತು. ಚಂದ್ರಕ್ಕ. ನಾಟಕ ಹೇಗಾಯಿತು ಅಂತ ಕೇಳಲಿಲ್ಲ.

"ಮಗ ಎದ್ದನೇನ್ರಿ?" ಎಂದಳು.

"ಎದ್ದನ್ರಿ."

ಆಮೇಲೆ, "ಆ ಹುಡುಗಿ, ಸಾವಕಾರ್ರ ಮಗಳು, ಬಂದಿದ್ದಳೇನು?"

"ಬಂದಿದ್ದಳ್ರಿ. ನಕ್ಕೊಂತ ಕುಂತಿದ್ದಳು."

"ಚಲೋ ಆತು ಬಿಡ್ರಿ" ಎಂದಳು. ಫೋನು ಇಡುತ್ತಾಳೆ ಅಂದುಕೊಂಡೆ, ಇಡಲಿಲ್ಲ. ಅಳು ಕೇಳಿಸಿತು. ಇಷ್ಟು ವರ್ಷ ಪರದೆಯ ಪಕ್ಕ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕುಳಿತು ಆ ಅಳು ಕೇಳಿದವನು ನಾನು. ಅದು ಪಾತ್ರದ್ದೋ ಆಕೆಯದೋ ಅಂತ ನನಗೆ ತಿಳಿಯಲಿಲ್ಲ. ಎತ್ತಿಕೊಡಲು ಒಂದು ಮಾತೂ ಸಿಗಲಿಲ್ಲ. ಫೋನನ್ನು ಕಿವಿಯಿಂದ ತೆಗೆಯದೆ ಕುಳಿತೆ.

ನಮ್ಮ ಮನೆಯವಳು ಟಾವೆಲ್ ಕೈಯಲ್ಲಿ ಹಿಡಿದುಕೊಂಡೇ ಹತ್ತಿರ ಬಂದಳು. ಅವಳಿಗೂ ಕೇಳಿಸಿತ್ತು.

"ಯಾರ್ರೀ, ಅಳಾಕತ್ತಾರಲ್ಲ?"

"ತಾಯಿ" ಎಂದೆ.

"ಯಾರ ತಾಯಿ?"

ನಾನು ಅವಳ ಕೈಯೊಳಗಿನ ಟಾವೆಲ್ ತೋರಿಸಿದೆ. "ಈ ಟಾವೆಲ್ ಯಾರದೋ, ಅವನ ತಾಯಿ."